ಉಸಿರು ಬಿಟ್ಟು ನಿಲ್ಲಿ

ಟೇಪು ಸೊಂಟಕ್ಕೆ ತಾಗಿದೊಡನೆ
ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ,
ಮದುಮಗ, ಮಾಸ್ತರ, ನೇವಿಯ ಸಾಹೇಬ.
"ಉಸಿರು ಬಿಟ್ಟು ನಿಲ್ಲಿ ಸಾರ್" ಎನ್ನುತ್ತೇನೆ
ಇಪ್ಪತ್ತೆಂಟು ವರ್ಷದಿಂದ.
ಬಿಟ್ಟವರು ಕಡಿಮೆ.
ಹಾಗಾಗಿ ಹಿಂಬದಿಯ ಹೊಲಿಗೆಯೊಳಗೆ
ಎರಡಿಂಚು ಬಟ್ಟೆ ಮಡಚಿಟ್ಟು ಕೊಡುತ್ತೇನೆ, ಹೇಳದೆ.
ಅರ್ಧ ಕಾಜುಬಾಗದ ಮುಂದಿನ ವರ್ಷದ ಹೊಟ್ಟೆ
ನಾನು ಹಾಕಿದ ಮಡಿಕೆಯಲ್ಲಿ ಮಲಗಿದೆ.

ನನ್ನದೇ ಪ್ಯಾಂಟಿನ ಮಡಿಕೆ ಮುಗಿದು
ಮೂರು ವರ್ಷವಾಯ್ತು.

ಡಾಕ್ಟರಮ್ಮ ಕಾಗದದ ಟೇಪು ತೆಗೆದು
ಹೊಕ್ಕುಳ ಮೇಲೆ ಸುತ್ತಿದರು. ನಲವತ್ತೆರಡು.
ತಪ್ಪು, ಎಂದೆ. ನನ್ನ ಸೊಂಟ ಮೂವತ್ತಾರು,
ನಾನೇ ಹೊಲಿದದ್ದು, ನನಗೆ ಗೊತ್ತಿಲ್ಲವೇ?
"ನೀವು ಅಳೆಯುವುದು ಪ್ಯಾಂಟು ನಿಲ್ಲುವ ಜಾಗ,
ನಾನು ಅಳೆಯುವುದು ಹೊಟ್ಟೆ ಇರುವ ಜಾಗ" ಎಂದರು.
ಮಾತ್ರೆ ಬರೆಯಲಿಲ್ಲ.
ಅನ್ನ ಅರ್ಧ, ಸಕ್ಕರೆ ಇಲ್ಲ, ನಡಿಗೆ ದಿನಾ.
ಇಷ್ಟಕ್ಕೆ ಇನ್ನೂರು ರೂಪಾಯಿ.

ಮಂದಾಕಿನಿ ಏನೂ ಹೇಳಲಿಲ್ಲ.
ಅನ್ನದ ಸಟ್ಟುಗ ಬದಲಾಯಿಸಿದಳು.
ಪಾವಿನವನ ಭೋಂಪು ಬಾಗಿಲಲ್ಲಿ ಎರಡು ದಿನ ಕೂಗಿ
ಮೂರನೆಯ ದಿನ ನಮ್ಮ ಮನೆ ಬಿಟ್ಟು ಮುಂದೆ ಹೋಯಿತು.
ಬಂಗಡೆ ರವೆಯ ಅಂಗಿ ಕಳಚಿಟ್ಟು
ಮುರುಗಲ ಹುಳಿಯ ತೆಳ್ಳನೆ ಸಾರಿಗಿಳಿಯಿತು.
ಬಟ್ಟಲಲ್ಲಿ ನಾನು ತೆಂಗು ಹುಡುಕುತ್ತಿದ್ದೆ,
ಬಿದ್ದ ಸೂಜಿ ಹುಡುಕಿದ ಹಾಗೆ.
ರಾತ್ರಿ ಹನ್ನೊಂದಕ್ಕೆ ಸದ್ದಾಗದಂತೆ
ಚಕ್ಕುಲಿ ಡಬ್ಬಿಯ ಮುಚ್ಚಳ ತಿರುಗಿಸುವ ವಿದ್ಯೆ
ನಲವತ್ತೊಂಬತ್ತರಲ್ಲಿ ಕಲಿತೆ.
ಡಬ್ಬಿಯಲ್ಲಿ ಮೆಂತ್ಯ ಇತ್ತು.

ಬೆಳಿಗ್ಗೆ ಐದೂವರೆಗೆ ಕಡಲತೀರ.
ದೇವಗಡದ ದೀಪ ಇನ್ನೂ ಉರಿಯುತ್ತಿರುತ್ತದೆ.
ಓಡುವ ಹುಡುಗರು ನನ್ನನ್ನು ದಾಟಿ, ತಿರುಗಿ ಬಂದು,
ಮತ್ತೊಮ್ಮೆ ದಾಟುತ್ತಾರೆ.
ಒದ್ದೆ ಮರಳಲ್ಲಿ ನನ್ನ ಹೆಜ್ಜೆ
ಅವರದಕ್ಕಿಂತ ಆಳ. ಅಷ್ಟೇ ಸಮಾಧಾನ.

ಮೊದಲು ಕೆನ್ನೆ ಇಳಿಯಿತು. ಆಮೇಲೆ ಕಾಲು.
ಮಣಿಕಟ್ಟಿನಲ್ಲಿ ವಾಚು ತಿರುಗತೊಡಗಿತು.
"ಹುಷಾರಿಲ್ವಾ?" ಎಂದು ಗಿರಾಕಿಗಳು ಕೇಳಿದರು.
ಹೊಟ್ಟೆ ಮಾತ್ರ
ಬಾಡಿಗೆ ಕೊಡದ ಹಳೇ ಬಿಡಾರದವನಂತೆ
ಕೂತಲ್ಲಿಂದ ಕದಲಲಿಲ್ಲ.

ರಂಪಣಿ ಬಲೆ ಎಳೆಯುತ್ತಿದ್ದ ಬುದವಂತ ತಾಂಡೇಲ
ಒಂದು ದಿನ ಕೂಗಿದ:
"ಟೇಲರ್ ಮಾಮಾ, ಸುಮ್ನೆ ನಡೆದ್ರೆ
ಯಾರ ಹೊಟ್ಟೆ ತುಂಬ್ತದೆ? ಹಗ್ಗ ಹಿಡಿ."
ಹಿಡಿದೆ.
ಹಿಮ್ಮಡಿ ಮರಳಿಗೆ ನೆಟ್ಟು, ಹಿಂದಕ್ಕೆ ವಾಲಿ,
ಆ ತುದಿಯಿಂದ ಕಡಲೂ ಎಳೆಯುವಾಗ
ಹೊಕ್ಕುಳ ಹಿಂದೆಲ್ಲೋ
ಮದುವೆಯ ವರ್ಷ ಮಲಗಿದ ಸ್ನಾಯುವೊಂದು
ಬೈಯುತ್ತ ಎದ್ದು ಕೂತಿತು.
ಆವತ್ತಿನ ಪಾಲು ಒಂದು ಬೊಗಸೆ ತಾರ್ಲೆ.
ಹುರಿಯಬೇಡ, ಎಂದು ಮನೆಯಲ್ಲಿ ನಾನೇ ಹೇಳಿದೆ.
ಹೇಳುವಾಗ ಬಾಯಲ್ಲಿ ನೀರು.

ದೀಪಾವಳಿಗೆ ನಾಲ್ಕು ನೇವರಿ ತಿಂದೆ.
ಐದು.

ಮೊನ್ನೆ ಅಂಗಡಿಯ ಶಟರು ಅರ್ಧ ಎಳೆದು
ಕನ್ನಡಿಯ ಮುಂದೆ, ಹೊಕ್ಕುಳ ಮೇಲೆಯೇ,
ನನ್ನನ್ನು ನಾನು ಅಳೆದುಕೊಂಡೆ. ಮೂವತ್ತೆಂಟೂವರೆ!
ಕೋಡಿಬಾಗ ರಸ್ತೆಯುದ್ದಕ್ಕೂ ಶಿಳ್ಳೆ ಹಾಕುತ್ತ ಮನೆಗೆ ಬಂದರೆ
ಮಂದಾಕಿನಿ ಟೇಪು ಕಸಿದು ಸುತ್ತಿದಳು.
ಅವಳ ಎರಡೂ ಕೈ ನನ್ನ ಬೆನ್ನ ಹಿಂದೆ ಸಂಧಿಸಿ
ಎಷ್ಟು ಕಾಲವಾಗಿತ್ತೋ.
"ಉಸಿರು ಬಿಡಿ."
ಬಿಟ್ಟಿದ್ದೇನೆ.
"ಬಿಟ್ಟಿಲ್ಲ."
ಬಿಟ್ಟೆ.
"ನಲವತ್ತೂ ಕಾಲು" ಎಂದಳು. ಟೇಪು ಮಾತ್ರ
ತಕ್ಷಣ ತೆಗೆಯಲಿಲ್ಲ.

ನಾಲ್ಕು ತಿಂಗಳಿಗೆ ಒಂದೂ ಮುಕ್ಕಾಲು ಇಂಚು.
ರಾತ್ರಿ ನನ್ನ ಪ್ಯಾಂಟಿನ ಹಿಂಬದಿ ಬಿಚ್ಚಿ
ಒಳಗೆ ಹಿಡಿದು ಹೊಲಿದೆ.
ಉಳಿದ ಬಟ್ಟೆಗೆ ಕತ್ತರಿ ತೆಗೆದುಕೊಂಡೆ,
ಮತ್ತೆ ಇಟ್ಟೆ.
ಅದು ಅಲ್ಲೇ ಇರಲಿ.
ಈ ಗಿರಾಕಿಯ ಪರಿಚಯ ನನಗಿದೆ.