ಘನಮೂಲ

ಅಡಿಲೇಡಿನಿಂದ ಒಂದು ಹಗಲಿನ ದಾರಿ, ಗೇರ್ಡ್ನರ್ ಉಪ್ಪುಕೆರೆ.
ಮುದಿ ಹೋಲ್ಡನ್ನಿನ ಬಾನೆಟ್ ತಟ್ಟಿ ಮರ್ವಿನ್ ಕೇಳಿದ:
‘ನೂರಿಪ್ಪತ್ತು ಕುದುರೆ ಇವೆ ಒಳಗೆ. ಎಷ್ಟು ಓಡೀತು, ಹೇಳು.’

ಕುರಿಮೇವಿನ ರಸೀದಿಯ ಬೆನ್ನಿಗೆ ಲೆಕ್ಕ ಬರೆದೆ.
ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಹದಿನೆಂಟು ಕುದುರೆ ಮುಳುಗಿದವು,
ಟೈರಿಗೊಂದಿಷ್ಟು.
ಉಳಿದವೆಲ್ಲ ಗಾಳಿಯ ಪಾಲು.
ನೂರ ಎಪ್ಪತ್ತಾರು, ಅಂದೆ.

‘ಇಮ್ಮಡಿ ಕಟ್ಟಿದರೆ?’
ಬರೀ ನಲವತ್ತೈದು ಹೆಚ್ಚು.
ವೇಗ ಎರಡರಷ್ಟಾಗಲು ಕುದುರೆ ಎಂಟರಷ್ಟು ಬೇಕು ಮಾರಾಯ,
ಗಾಳಿ ಸುಮ್ಮನೆ ಸರಿಯುವುದಿಲ್ಲ,
ಗುದ್ದಿದಷ್ಟೂ ಗಟ್ಟಿ.

ಅವನು ಮಾತಾಡಲಿಲ್ಲ. ಸ್ಪ್ಯಾನರ್ ತಂದು
ಎರಡೂ ಕನ್ನಡಿ ಬಿಚ್ಚಿ ನನ್ನ ಮಡಿಲಿಗಿಟ್ಟ.
ಹಿಂದೆ ನೋಡಲು ಅಲ್ಲೇನಿದೆ, ಉಪ್ಪು.

ಹೋದ. ಬಿಳುಪಿನ ಮೇಲೊಂದು ಸಾಸಿವೆ,
ಆಮೇಲೆ ಅದೂ ಇಲ್ಲ, ಸದ್ದು ಮಾತ್ರ.

‘ನೂರ ಎಪ್ಪತ್ತೊಂದು,’ ಎಂದಳು ಗಡಿಯಾರ ಹಿಡಿದ ಡೋರೀನ್.
ಐದು ಎಲ್ಲಿ ಹೋಯಿತು?
ರಸೀದಿಯನ್ನು ತಿರುವಿ ಮುರುವಿ ನೋಡಿದೆ.
ಕೂಡಿದ್ದು ಸರಿ, ಕಳೆದದ್ದೂ ಸರಿ.

ಕಾರು ಮರಳಿತು, ಗಾಲಿಯ ತುಂಬ ಉಪ್ಪು.
ಕಿಟಕಿ ಪೂರಾ ಇಳಿದಿತ್ತು,
ಮೊಣಕೈ ಹೊರಗೆ.
‘ನನ್ನ ಕುದುರೆಗಳನ್ನೆಲ್ಲ ತಿನ್ನುತ್ತದಲ್ಲ,’ ಅಂದ,
‘ಅದರ ದನಿ ಒಮ್ಮೆ ಕೇಳಬೇಕಿತ್ತು.’