ಗಿರಣಿ ಮ್ಯಾಲಿನ ಖೋಲಿ

ಹತ್ತು ಫೂಟು ಹನ್ನೆರಡು. ಮೂಲ್ಯಾಗ ಒಲಿಕಟ್ಟಿ,
ಕೆಳಗ ಸವಣೂರರ ಹಿಟ್ಟಿನ ಗಿರಣಿ.
ಹಳೇ ಹುಬ್ಬಳ್ಳಿಯೊಳಗ ಇದಕ್ಕಿಂತ ದೊಡ್ಡದು
ನಮ್ಮ ಪಗಾರಕ್ಕ ಸಿಗಲಿಲ್ಲ.
ನನಗ ನಲವತ್ತಾರು, ಫಕ್ಕೀರೇಶಗ ಐವತ್ತು.
ಎರಡು ಸಂಸಾರದ ಸಾಮಾನು,
ಒಂದ ಬಾಗಲ.

ಬಡಿಗೇರ ಮೌನೇಶನ ಮಗಳು ಸೃಷ್ಟಿ
ಟೇಪು ಹಿಡಕೊಂಡು ಬಂದಳು.
ಡಿಪ್ಲೊಮಾ ಮುಗಿಸ್ಯಾಳ, ಮೊದಲನೇ ಗಿರಾಕಿ ನಾವ.
"ಯಾವ ಸ್ಟೈಲ್ ಬೇಕ್ರಿ ಅಕ್ಕಾರ?"
ಫೋನಿನಾಗ ಒಂದು ಬಿಳೀ ಖೋಲಿ, ಅದರಾಗ ಒಂದ ಕುರ್ಚಿ,
ಕುಂಡ್ರಾವರು ಯಾರೂ ಇಲ್ಲ.
ಇನ್ನೊಂದರಾಗ ಬಳ್ಳಿ, ಬುಟ್ಟಿ, ಹರಕು ಜಮಖಾನೆ.
ಇದೆಲ್ಲಾ ನಮ್ಮ ಮಲ್ಲಮ್ಮಜ್ಜಿ ಅಟ್ಟದ ಮ್ಯಾಲ ಇತ್ತಲ್ಲವಾ,
ಆಕಿ ಇದಕ್ಕ ಸ್ಟೈಲ್ ಅಂತಿದ್ದಿಲ್ಲ,
ಯಾರರ ಒಯ್ಯಿರಿ ಅಂತಿದ್ದಳು.

ಫಕ್ಕೀರೇಶ ಇಪ್ಪತ್ತೆಂಟು ವರ್ಷ ಬಸ್ಸಿನಾಗ ಟಿಕೀಟು ಹರದಾಂವ.
"ಜಾಗಾ ಇರೂದಿಲ್ಲ, ಮಾಡಬೇಕಾಗ್ತೈತಿ.
ಗದಗಿನ ಕೊನೀ ಗಾಡಿಯೊಳಗ ತೊಂಬತ್ತು ಮಂದಿ,
ಎರಡು ಕೋಳಿ, ಒಂದು ಹಾರ್ಮೋನಿಯಂ" ಅಂದು
ಆರೂವರಿ ಫೂಟಿನ ತನ್ನ ಮಂಚಕ್ಕ ಹೇಳಿದ,
"ಮುಂದ ಸರೀರಿ."
ಮಂಚ ಸರೀಲಿಲ್ಲ.

ಅಷ್ಟೊತ್ತಿಗೆ ಕೆಳಗ ಗಿರಣಿ ಚಾಲೂ ಆತು.
ಸೃಷ್ಟಿಯ ಟೇಪು ಕೈಯಾಗ ಗಣಗಣ ಅಂತು.
ಕಿಡಕಿಯೊಳಗಿಂದ ಜ್ವಾಳದ ಹಿಟ್ಟು
ಅವಸರಿಲ್ಲದ ಬಂದು
ಫೋನಿನ ಮ್ಯಾಲ, ಟ್ರಂಕಿನ ಮ್ಯಾಲ, ನಮ್ಮ ಹುಬ್ಬಿನ ಮ್ಯಾಲ ಕುಂತಿತು.
ಆಕಿ ಬೆರಳಿಲೆ ಒರಸಿ, ಬೆಳಕಿಗೆ ಹಿಡದು,
"ಗ್ವಾಡಿಗೆ ಇದ ಬಣ್ಣ ಹೊಡೀತೇವ್ರಿ,
ಧೂಳ ಬಿದ್ದದ್ದು ಕಾಣಾಂಗಿಲ್ಲ" ಅಂದಳು.
ಡಿಪ್ಲೊಮಾ ಅಂದ್ರ ಇದ ಇರಬೇಕು.

ಶೋಕೇಸು ಬ್ಯಾಡ, ಗಿರಣಿ ಓಡಿದ್ರ ಕಪ್ಪುಬಶಿ ಭಜನಿ ಮಾಡ್ತಾವ.
ಮಂಚದ ಕಾಲು ಗೇಣು ಏರಿಸಿ ಕೆಳಗ ಟ್ರಂಕು.
ನನ್ನ ಹೊಲಿಗಿ ಮಷೀನಿನ ಹಲಗಿ
ಹೊತ್ತು ಮುಣುಗಿದ ಮ್ಯಾಲ ಊಟದ ಮಣಿ.
"ಗ್ವಾಡಿ ಮಾತ್ರ ಖಾಲಿ ಬಿಡ್ರಿ.
ಖಾಲಿ ಬಿಟ್ಟಷ್ಟೂ ಖೋಲಿ ದೊಡ್ಡದು ಕಾಣ್ತೈತಿ."
ನಾನು ಹೂಂ ಅಂದೆ.
ಸೀರಿ ಗಂಟಿನಾಗ, ಟಾವೆಲಿನಾಗ ಸುತ್ತಿದ್ದ ಫೋಟೋದ ಮಾತು ತಗೀಲಿಲ್ಲ.
ಹನ್ನೊಂದು ವರ್ಷ, ಮೂರು ಬಾಡಿಗಿ ಮನಿ,
ಅದು ನನ್ನ ಜೋಡಿ ಬಂದೈತಿ.
ಅದನ್ನ ಎಲ್ಲಿ ತೂಗಹಾಕೂದು ಅನ್ನೂದು
ಯಾವ ಸ್ಟೈಲಿನಾಗೂ ಇರಲಿಲ್ಲ.

ಮರುದಿನ ಬ್ಲೌಸು ಕೊಟ್ಟು ತಿರುಗಿ ಬಂದ್ರ
ಫಕ್ಕೀರೇಶ ನೆಲದ ಮ್ಯಾಲ ಬೋರಲ ಬಿದ್ದಾನ.
ಎದಿ ಧಸಕ್ಕಂತು.
"ಸುಮ್ಮಕಿರು" ಅಂದ.
ಮಾರಿ ಮುಂದ ಒಂದು ಗ್ಲಾಸು ನೀರು.
ಕೆಳಗ ಗಿರಣಿ ಓಡತಿತ್ತು,
ನೀರಿನ ಮ್ಯಾಲ ಸಣ್ಣ ಸಣ್ಣ ಬಳಿ ಎದ್ದು
ದಂಡಿಗೆ ಹೋಗಿ ಒಡೀತಿದ್ದವು.
ಗ್ಲಾಸು ಸರಿಸಿದ. ಇನ್ನೊಂದು ಗ್ವಾಡಿ. ಮತ್ತ ಬಳಿ.
ಪಡುವಲ ಗ್ವಾಡಿ, ಒಲಿಕಟ್ಟಿ ಬಾಜೂಕ,
ನೀರು ನಿಂತಿತು. ಪೂರಾ ಅಲ್ಲ.
"ಇಲ್ಲೆ ಮೊಳಿ ಹೊಡೀತೇನಿ.
ಇಲ್ಲೆ ಅವರು ಭಾಳ ಅಲಗಾಡಾಂಗಿಲ್ಲ."

ಗಂಟು ಬಿಚ್ಚಿತ್ತು. ಟಾವೆಲು ಮಡಚಿ ಇಟ್ಟಿದ್ದ.
ಅವರು, ಅಂದಿದ್ದ.
ಕಣ್ಣಾಗ ಹಿಟ್ಟು ಬಿತ್ತು ಅಂದೆ.
ಈ ಮನಿಯೊಳಗ ಅದು ಸುಳ್ಳಂತ
ಯಾರಿಗೂ ಸಾಬೀತು ಮಾಡಾಕ ಬರೂದಿಲ್ಲ.

ಮೌನೇಶನ ಬಿಲ್ಲು ಬಂದೈತಿ:
ಮಂಚದ ಕಾಲು ನಾಕು, ಹಲಗಿ ಒಂದು, ಬಣ್ಣ ಎರಡು ಕೈ.
ಸ್ಟೈಲ್ ಅಂತ ಇದ್ದಲ್ಲಿ ಸೃಷ್ಟಿ ಏನೋ ಬರದು,
ಕಾಟು ಹೊಡದು, ಹಂಗ ಬಿಟ್ಟಾಳ.
ಫೋಟೋ ದಿನಾ ಸಂಜೀಕ ಒಂದೀಟು ಎಡಕ್ಕ ವಾಲತೈತಿ.
ಯಾರು ಮೊದಲ ಮನಿಗೆ ಬರ್ತೇವೋ
ಅವರು ನೆಟ್ಟಗ ಮಾಡ್ತೇವಿ.