ನಡಾವಳಿ

ಟೊಲೀಡೊ ನಗರಸಭೆಯಲ್ಲಿ ನನ್ನ ಕುರ್ಚಿ
ಧ್ವಜಕ್ಕೂ ನೀರಿನ ಹೂಜಿಗೂ ನಡುವೆ.
ಹದಿನೇಳು ವರ್ಷದಿಂದ ಯಾರೂ ನನ್ನ ಮುಖ ನೋಡಿ ಮಾತಾಡಿಲ್ಲ,
ಆದರೂ ಆಡಿದ್ದೆಲ್ಲ ನನ್ನ ಬೆರಳಿಗೇ ಬಂದು ಬೀಳಬೇಕು.
ನನ್ನ ಯಂತ್ರಕ್ಕೆ ಕಾಗುಣಿತ ಬಾರದು,
ಸದ್ದು ಬರುತ್ತದೆ:
ನಾಲ್ಕೈದು ಕೀಲಿ ಒಟ್ಟಿಗೆ ಒತ್ತಿದರೆ
ಒಬ್ಬರ ಬಾಯಿಂದ ಬಿದ್ದ ಒಂದು ತುಣುಕು.

ಮಂಗಳವಾರ ಸಂಜೆ ನಾಗರಿಕರ ಅಹವಾಲು. ತಲೆಗೆ ಎರಡೇ ನಿಮಿಷ.
ಒಬ್ಬನಿಗೆ ನೆರೆಮನೆಯ ನಾಯಿ, ಇನ್ನೊಬ್ಬನಿಗೆ ಬೀದಿದೀಪ.
ಮೂರನೆಯವಳು ಆರ್ನೆಟಾ ಗಿಲ್ಯಾರ್ಡ್,
ಶಾಲಾ ಬಸ್ಸಿನ ಚಾಲಕಿ. ಕೈಯಲ್ಲಿ ಕಾಗದವಿಲ್ಲ,
ಕೋಟಿನ ಗುಂಡಿ ಒಂದು ಮನೆ ತಪ್ಪಿದೆ.
ಮೈಕು ಅವಳ ಎದೆಮಟ್ಟಕ್ಕೆ; ಅದನ್ನು ಎತ್ತಲಿಲ್ಲ,
ತಾನೂ ಬಗ್ಗಲಿಲ್ಲ.

ಅಧ್ಯಕ್ಷರನ್ನು ಬಿಟ್ಟು ಅವಳು ನನ್ನತ್ತ ತಿರುಗಿದಳು.

‘ಹೋದ ತಿಂಗಳ ನಡಾವಳಿ ಓದಿದೆ, ತಾಯಿ.
ನನ್ನ ಹೆಸರಿನ ಮುಂದೆ ಅಸ್ಪಷ್ಟ ಅಂತಿದೆ.
ಅದಕ್ಕೆ ಹಿಂದಿನ ತಿಂಗಳೂ ಅಸ್ಪಷ್ಟ.
ಹಿಂದಿನ ಸೀಟಿನ ಪೋಕರಿಗೂ ಕೇಳುವ ಗಂಟಲು ಇದು,
ಇಲ್ಲಿ ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಮಸುಕಾಯಿತೆ?
ಇರಲಿ. ಇವತ್ತು ನಿಧಾನ ಹೇಳುತ್ತೇನೆ. ಬರೆದುಕೊ.

ನನ್ನ ಬಸ್ಸು ಮುಂಜಾನೆ ಹಗುರ, ಮಧ್ಯಾಹ್ನ ಭಾರ.
ಮುಂಜಾನೆ ಚೀಲದೊಳಗೆ ಖಾಲಿ ಬಾಟಲಿ ಲೊಡಲೊಡ,
ಮಧ್ಯಾಹ್ನ ತುಂಬಿದ ಬಾಟಲಿ ಗಪ್‌ಚಿಪ್.
ಏನು ಕಲಿತೆ ಮರಿ ಇವತ್ತು?
ಆಮೇಲೆ ಹೇಳ್ತೀನಿ ಮಿಸ್, ಮೊದಲು ಇದನ್ನು ಹಿಡೀರಿ, ಚೆಲ್ಲುತ್ತೆ:
ಇದು ಅಜ್ಜಿಯ ಗುಳಿಗೆಗೆ, ಇದು ತಂಗಿಯ ಹಾಲಿನ ಪುಡಿಗೆ,
ಉಳಿದರೆ ನನ್ನ ಮುಖಕ್ಕೆ.

ನಿಮ್ಮವರು ಬಂದರು, ಬಾಗಿಲು ಬಡಿಯಲಿಲ್ಲ,
ಕಾಲುದಾರಿಯ ಮೇಲೆ ನೀಲಿ ಗೀಟೆಳೆದು ಹೋದರು,
ಎಲ್ಲಿ ತಿರುಪಿದರೆ ಯಾರ ನಲ್ಲಿ ಸಾಯುತ್ತದೆ ಎಂಬ ಗುರುತು.
ಮಕ್ಕಳಿಗೇನು ಗೊತ್ತು, ಕುಂಟೆಬಿಲ್ಲೆಯ ಗೆರೆ ಅಂದುಕೊಂಡು
ಒಂದೇ ಕಾಲಲ್ಲಿ ಹಾರಿದರು, ಗೆದ್ದರು, ಕಿರುಚಿದರು,
ಬಾಯಾರಿ ಒಳಗೆ ಓಡಿದರು.

ಮೌಮೀ ನದಿ ಈ ಊರ ನಡುವೆಯೇ ಹರಿಯುತ್ತದೆ.
ಅದಕ್ಕೆ ಬಿಲ್ಲು ಕಳಿಸಿದವರು ಯಾರು?’

ಹಳದಿ ದೀಪ ಹತ್ತಿತು. ಇನ್ನು ಇಪ್ಪತ್ತೈದು ಸೆಕೆಂಡು.
ಅವಳು ಬಾಯಿ ಮುಚ್ಚಿದಳು.

ಹೂಜಿಯಲ್ಲಿ ಮಂಜುಗಡ್ಡೆ ಕಟಕ್ಕೆಂದು ಬಿರಿದದ್ದು
ಕೊನೆಯ ಸಾಲಿನವರಿಗೂ ಕೇಳಿಸಿತು.
ಲೋಟ ಎತ್ತಿದ್ದ ಸದಸ್ಯರೊಬ್ಬರು ಕುಡಿಯಲೂ ಆಗದೆ
ಇಳಿಸಲೂ ಆಗದೆ ಹಾಗೇ ಕೂತರು.
ನನ್ನ ಬೆರಳು ಗಾಳಿಯಲ್ಲಿ ನಿಂತವು.
ನಗುವಿಗೆ ಸಂಕೇತವಿದೆ ನನ್ನ ಬಳಿ, ಚಪ್ಪಾಳೆಗಿದೆ, ಗದ್ದಲಕ್ಕಿದೆ,
ಅಸ್ಪಷ್ಟ ಎಂಬುದಕ್ಕೆ ಒಂದೇ ಹೊಡೆತ,
ಎಷ್ಟು ಸಲ ಹೊಡೆದಿದ್ದೇನೋ,
ನಮ್ಮ ಬೀದಿಯ ಉಚ್ಚಾರವಲ್ಲದ ಬಾಯಿಗಳಿಗೆಲ್ಲ.
ನಮ್ಮಜ್ಜಿ ಪೋಲೆಂಡಿನಿಂದ ಇಳಿದ ದಿನ
ಬಂದರಿನ ಗುಮಾಸ್ತ ಅವಳ ಹೆಸರನ್ನೂ ಹೀಗೇ ಕೊಂದಿದ್ದ;
ಆ ಕತೆ ಹೇಳಿ ಹೇಳಿ ಮನೆಯವರೆಲ್ಲ ನಗುತ್ತಿದ್ದೆವು.

ಕೆಂಪು ದೀಪ. ‘ವಂದನೆಗಳು, ಮುಂದಿನವರು’ ಎಂದರು ಅಧ್ಯಕ್ಷರು.

ಆ ರಾತ್ರಿ ನಕಲು ಸಿದ್ಧಪಡಿಸುವಾಗ
ಅವಳು ಉಸಿರು ತೆಗೆದಲ್ಲೆಲ್ಲ ಸಾಲು ಮುರಿದೆ.
ಕೊನೆಗೆ ಹನ್ನೆರಡು ಸಾಲು ಖಾಲಿ ಬಿಟ್ಟೆ.
ಎರಡು ಸಾಲಿಗೆ ನಾಲ್ಕು ಸೆಕೆಂಡು; ಒಂದು ಸೆಕೆಂಡು ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ನೀರು ಬಂತೇ ಎಂದು ಕೇಳಬೇಡಿ.
ಆರ್ನೆಟಾಳ ಬಸ್ಸು ಈಗಲೂ ಮಧ್ಯಾಹ್ನ ಭಾರ.
ಮುಂದಿನ ಮಂಗಳವಾರ ನಡಾವಳಿಯ ಅನುಮೋದನೆ ಬಂದಾಗ
ಐದನೇ ವಾರ್ಡಿನವರು ಕನ್ನಡಕ ಏರಿಸಿದರು:
‘ಒಂಬತ್ತನೇ ಪುಟದಲ್ಲಿ ಅರ್ಧ ಖಾಲಿ ಇದೆ, ಮುದ್ರಣದೋಷವೇ?’

‘ಅಲ್ಲ’ ಎಂದೆ.

ಎಲ್ಲರೂ ತಿರುಗಿ ನೋಡಿದರು, ಧ್ವಜವೇ ಮಾತಾಡಿತೇನೋ ಎಂಬಂತೆ.
ಹಿಂದಿನ ಸಾಲಲ್ಲಿ ತಪ್ಪಿದ ಗುಂಡಿಯ ಕೋಟು ಕೊಂಚ ಮುಂದೆ ಬಾಗಿತು.
ಹೇಳಿದ್ದನ್ನು ದಾಖಲಿಸಲು ಕೀಲಿಗೆ ಕೈ ಇಟ್ಟೆ.
ವಾಂಡಾ ಶಿಮ್‌ಚಾಕ್:
ನನ್ನ ಹೆಸರಿಗೆ ಯಾವ ಕೀಲಿಗಳೆಂದು
ಬೆರಳು ತಡಕಾಡಿದವು.